ಕಾರು ಚೆನ್ನಾಗಿದೆ, ಆದರೆ ಅದು ಬರೆದಿಡುವ ದಿನಚರಿ ಯಾರ ಕೈಯಲ್ಲಿದೆ?

ಉಡುಪಿಯಿಂದ ಮಂಗಳೂರಿಗೆ ದಿನವೂ ಓಡಾಡುವ ನನಗೆ ಈ ಕಾರಿನಲ್ಲಿ ಮೊದಲು ಹಿಡಿಸಿದ್ದು ಮೊಬೈಲ್‌ನಿಂದಲೇ ಎಸಿ ಹಾಕುವ ಸೌಲಭ್ಯ. ಏಪ್ರಿಲ್‌ನ ಸಂಜೆ ಹಂಪನಕಟ್ಟೆಯ ಕಚೇರಿಯಲ್ಲಿ ಬ್ಯಾಗ್ ಹೆಗಲಿಗೇರಿಸುತ್ತಾ ಆ್ಯಪ್‌ನಲ್ಲಿ ಒಮ್ಮೆ ಒತ್ತುತ್ತೇನೆ. ಮೆಟ್ಟಿಲಿಳಿದು ಹೋಗುವಷ್ಟರಲ್ಲಿ ಕುದಿಯುತ್ತಿದ್ದ ಸೀಟು ತಣ್ಣಗಾಗಿರುತ್ತದೆ. ಕರಾವಳಿಯ ಬೆವರು ಬಲ್ಲವರಿಗೆ ಈ ಸುಖವನ್ನು ವಿವರಿಸಬೇಕಿಲ್ಲ. ಮೈಲೇಜ್, ಡಿಕ್ಕಿಯ ಜಾಗದ ಬಗ್ಗೆ ಎಲ್ಲರೂ ಬರೆದಾಗಿದೆ, ನನಗೂ ತಕರಾರಿಲ್ಲ.

ತಕರಾರು ಅದೇ ಆ್ಯಪ್‌ನ ಪ್ರಯಾಣಗಳ ಪಟ್ಟಿಯದು. ಹೆಂಡತಿ ಕಾರು ಒಯ್ದಿದ್ದ ದಿನ ಅದನ್ನು ತೆರೆದೆ. ಮನೆ ಬಿಟ್ಟ ಹೊತ್ತು, ಲ್ಯಾಬ್ ಮುಂದೆ ನಿಂತ ಅವಧಿ, ಅಲ್ಲಿಂದ ಕಾಪುವಿನ ತವರುಮನೆ, ಎಲ್ಲವೂ ನಕ್ಷೆಯ ಮೇಲೆ ನೀಲಿ ಗೆರೆಯಾಗಿ ಮೂಡಿದ್ದವು. ತೋರಿಸಿದಾಗ ಅವಳ ಮುಖ ಸಪ್ಪಗಾಯಿತು. “ಇದು ನಿಮಗೆ ಮಾತ್ರ ಕಾಣಿಸುತ್ತದೆಯೇ, ಕಂಪನಿಯವರಿಗೂ ಕಾಣಿಸುತ್ತದೆಯೇ?” ಎಂದು ಕೇಳಿದಳು. ಅವಳ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಕೀಲಿ ಕೊಡುವ ಗಡಿಬಿಡಿಯಲ್ಲಿ ಶೋರೂಮಿನ ಹುಡುಗನೇ ನನ್ನ ಮೊಬೈಲ್‌ನಲ್ಲಿ ‘ಒಪ್ಪಿದ್ದೇನೆ’ ಒತ್ತಿದ್ದ.

ಚಾಲನೆಗೆ ಅಂಕ ಕೊಡುವ ಪದ್ಧತಿಯೂ ಇದೆ. ಮೂಲ್ಕಿಯ ಬಳಿ ಎಕ್ಸ್‌ಪ್ರೆಸ್ ಬಸ್ಸು ಸಿಗ್ನಲ್ ಹಾಕದೆ ಎಡಕ್ಕೆ ನುಗ್ಗಿದಾಗ ಬ್ರೇಕ್ ಒತ್ತಿದರೆ ಅಂಕ ಕಡಿತ. ಯಾಕೆ ಒತ್ತಿದೆ ಎಂಬುದು ಆ ಲೆಕ್ಕದಲ್ಲಿಲ್ಲ. ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ಚಾಲಕರ ಬ್ರೇಕ್, ವೇಗದ ಇಂಥದೇ ವಿವರಗಳನ್ನು ಜನರ ಮಾಹಿತಿ ಕಲೆಹಾಕಿ ಮಾರುವ ದತ್ತಾಂಶ ವ್ಯಾಪಾರಿಗಳಿಗೆ ಕೊಟ್ಟು, ಅವು ವಿಮಾ ಕಂಪನಿಗಳನ್ನು ತಲುಪಿ, ಕೆಲವರ ಪ್ರೀಮಿಯಂ ಏರಿದ್ದು 2024ರಲ್ಲಿ ಬಯಲಾಯಿತು. ಅದಕ್ಕೂ ಮೊದಲು, 2023ರಲ್ಲಿ, ಫೈರ್‌ಫಾಕ್ಸ್ ಬ್ರೌಸರ್‌ನ ಹಿಂದಿರುವ ಮೊಜಿಲ್ಲಾ ಪ್ರತಿಷ್ಠಾನ ಪರಿಶೀಲಿಸಿದ 25 ಕಾರು ಬ್ರಾಂಡ್‌ಗಳಲ್ಲಿ ಒಂದೂ ಖಾಸಗಿತನದ ಪರೀಕ್ಷೆಯಲ್ಲಿ ಪಾಸಾಗಿರಲಿಲ್ಲ. ಚಾಲನೆಯ ರೀತಿ ನೋಡಿ ಪ್ರೀಮಿಯಂ ನಿಗದಿಪಡಿಸುವ ಪಾಲಿಸಿಗೆ ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರವೂ 2022ರಲ್ಲೇ ಅನುಮತಿ ಕೊಟ್ಟಿದೆ. ಹಾಗಾಗಿ ಈ ಅಂಕವನ್ನು ಆಟವೆಂದು ತಳ್ಳಿಹಾಕಲು ನನಗೆ ಮನಸ್ಸು ಬರುತ್ತಿಲ್ಲ.

ಎಸಿ ಇರಲಿ, ಸ್ಥಳದ ದಾಖಲೆ ಮಾತ್ರ ನಿಲ್ಲಿಸಿ ಎಂದು ಸರ್ವಿಸ್ ಸೆಂಟರಿನಲ್ಲಿ ಕೇಳಿದೆ. ಒಪ್ಪಿಗೆ ಹಿಂತೆಗೆದರೆ ಎಲ್ಲ ಸೌಲಭ್ಯವೂ ನಿಲ್ಲುತ್ತದೆ ಎಂದರು. ಎಸಿ ಹಾಕಲು ನಾವು ನಿನ್ನೆ ಎಲ್ಲೆಲ್ಲಿ ನಿಂತಿದ್ದೆವು ಎಂಬುದು ಯಾಕೆ ಬೇಕು? ಉದ್ದೇಶಕ್ಕೆ ಅಗತ್ಯವಿರುವಷ್ಟೇ ಮಾಹಿತಿಗೆ ಒಪ್ಪಿಗೆ ಪಡೆಯಬೇಕು, ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆಯುವಂತಿರಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಾರು ಕಂಪನಿಗಳು ಅದನ್ನು ಪಾಲಿಸುವಂತೆ ಮಾಡಬೇಕು.

ಆ್ಯಪ್‌ನ ಉಚಿತ ಚಂದಾ ಅವಧಿ ಮುಗಿದ ಮೇಲೆ ನಾನು ಹಣ ಕಟ್ಟಿ ಮುಂದುವರಿಸುವುದಿಲ್ಲ. ಬಿಸಿ ಸೀಟನ್ನು ಸಹಿಸುತ್ತೇನೆ. ಇದೇ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರಿದ್ದರೆ, ಹಿಂದಿನ ಮಾಲೀಕರ ಆ್ಯಪ್ ಖಾತೆಯಿಂದ ಕಾರನ್ನು ನಿಮ್ಮೆದುರೇ ತೆಗೆಸಿ, ಆಮೇಲೆ ಹಣ ಕೊಡಿ.