ಆರು ವಾರದ ರಾಜತಾಂತ್ರಿಕ ಕೋರ್ಸ್: ಮೂರನೇ ವಾರಕ್ಕೋಸ್ಕರವಾದರೂ ಸೇರಿ

ಯುದ್ಧ ಕಂಡ ದೇಶಗಳಲ್ಲಿ ಹೆಂಗಸರ ಹಕ್ಕು ಕಸಿಯುವ ಕಾನೂನು ಬಂದಾಗ ಹೊರಗಿನ ಸರ್ಕಾರಗಳು ಏನು ಮಾಡುತ್ತವೆ? ಇದೇ ವಿಷಯದ ಒಂದು ಆನ್‌ಲೈನ್ ಕೋರ್ಸ್ ಮುಗಿಸಿದೆ. ಹೆಸರು ಹೇಳಲ್ಲ, ಯಾಕಂದ್ರೆ ಮುಂದೆ ಸ್ವಲ್ಪ ಬೈಯುವುದೂ ಇದೆ. ಐದಕ್ಕೆ ಮೂರೂವರೆ ಸ್ಟಾರ್.

ಮೊದಲ ಎರಡು ವಾರ ಓಡಿಸಿಕೊಂಡು ನೋಡಿ, ನಷ್ಟವಿಲ್ಲ. 2000ರ ಭದ್ರತಾ ಮಂಡಳಿ ನಿರ್ಣಯ 1325, ಶಾಂತಿ ಮಾತುಕತೆಯಲ್ಲಿ ಮಹಿಳೆಯರೂ ಇರಬೇಕು ಇತ್ಯಾದಿ. ಮೇಷ್ಟ್ರು ಸ್ಲೈಡ್ ನೋಡಿಕೊಂಡು ಓದುತ್ತಾರೆ, ಅಷ್ಟೇ.

ಮೂರನೇ ವಾರ ಮಾತ್ರ ಬೇರೆಯೇ ಮಟ್ಟ. 2009ರ ಮಾರ್ಚ್‌ನಲ್ಲಿ ಅಫ್ಘಾನಿಸ್ತಾನದ ಅಧ್ಯಕ್ಷ ಹಮೀದ್ ಕರ್ಜಾಯಿ ಶಿಯಾ ಸಮುದಾಯದ ಕೌಟುಂಬಿಕ ಕಾನೂನಿಗೆ ಸಹಿ ಹಾಕಿದರು. ಹೆಂಡತಿ ನಾಲ್ಕು ರಾತ್ರಿಗೆ ಒಮ್ಮೆಯಾದರೂ ಗಂಡನ ಜೊತೆ ಮಲಗಬೇಕು ಅಂತ ಅದರಲ್ಲಿ ಬರೆದಿತ್ತು! ಏಪ್ರಿಲ್ ಮೊದಲ ವಾರದಲ್ಲೇ ಅಲ್ಲಿ ಸೈನ್ಯ ಇಟ್ಟಿದ್ದ ನೇಟೊ ಕೂಟದ ಶೃಂಗಸಭೆ ಇತ್ತು, ಒಬಾಮಾ ಇದು ಅಸಹ್ಯ ಅಂದರು, ಬೇರೆ ದೇಶಗಳೂ ದನಿಗೂಡಿಸಿದವು, ಕರ್ಜಾಯಿ ಮರುಪರಿಶೀಲನೆಗೆ ಒಪ್ಪಿದರು. ಅದೇ ತಿಂಗಳು ಕಾಬೂಲ್‌ನಲ್ಲಿ ಸುಮಾರು ಮುನ್ನೂರು ಹೆಂಗಸರು ಕಲ್ಲೇಟು ತಿನ್ನುತ್ತಲೇ ಮೆರವಣಿಗೆ ಮಾಡಿದರು. ಜುಲೈಯಲ್ಲಿ ತಿದ್ದಿದ ಕಾನೂನು ಬಂತು.

ಕೋರ್ಸ್ ಇಲ್ಲಿ ಎರಡೂ ಪಠ್ಯವನ್ನು ಅಕ್ಕಪಕ್ಕ ಇಟ್ಟು ಓದಿಸುತ್ತದೆ. ನಾಲ್ಕು ರಾತ್ರಿಯ ಮಾತು ಹೋಗಿದೆ. ಆದರೆ ಹೆಂಡತಿ ಒಲ್ಲೆ ಅಂದರೆ ಗಂಡ ಅನ್ನ-ಬಟ್ಟೆ ಕೊಡದೇ ಇರಬಹುದು ಅನ್ನುವುದು ಹಾಗೇ ಉಳಿದಿದೆ. ಅಷ್ಟರಲ್ಲಿ ಆಗಸ್ಟ್ ಚುನಾವಣೆ ಹತ್ತಿರ ಬಂದಿತ್ತು, ಹೊರಗಿನವರ ಗಲಾಟೆಯೂ ತಣ್ಣಗಾಗಿತ್ತು. ಇಂಥದ್ದನ್ನು ಸಾಲು ಸಾಲಾಗಿ ನೋಡಿದಾಗಲೇ ಗೊತ್ತಾಗೋದು.

ನಾಲ್ಕನೇ ವಾರ ಇರಾಕ್. 1959ರ ಕೌಟುಂಬಿಕ ಕಾನೂನನ್ನು ಕಿತ್ತುಹಾಕಿ ಆಯಾ ಪಂಗಡದ ಧಾರ್ಮಿಕ ಕಾನೂನು ತರಲು 2003ರ ಡಿಸೆಂಬರ್‌ನಲ್ಲಿ ಅಮೆರಿಕ ನೇಮಿಸಿದ್ದ ಆಡಳಿತ ಮಂಡಳಿ 137ನೇ ನಿರ್ಣಯ ಮಾಡಿತು. ಹೆಂಗಸರು ಬೀದಿಗಿಳಿದರು, ಅಮೆರಿಕದ ಆಡಳಿತಗಾರ ಪಾಲ್ ಬ್ರೆಮರ್ ಸಹಿ ಹಾಕಲಿಲ್ಲ, ಫೆಬ್ರವರಿಯಲ್ಲಿ ಮಂಡಳಿಯೇ ಅದನ್ನು ರದ್ದು ಮಾಡಿತು. ಕೋರ್ಸ್ ಇದನ್ನು ಗೆಲುವು ಅಂತ ತೋರಿಸಿ ಮುಂದೆ ಹೋಗುತ್ತದೆ. ಅಲ್ಲ ಸ್ವಾಮಿ, 2005ರ ಸಂವಿಧಾನದ 41ನೇ ವಿಧಿ ಅದೇ ಬಾಗಿಲನ್ನು ಮತ್ತೆ ತೆರೆಯಿತಲ್ಲ, 2025ರ ಜನವರಿಯಲ್ಲಿ ಸಂಸತ್ತು 1959ರ ಕಾನೂನಿಗೆ ತಿದ್ದುಪಡಿ ಪಾಸ್ ಮಾಡಿಯೂ ಆಯಿತಲ್ಲ! ಬ್ರೆಮರ್ ಕೈಯಲ್ಲಿ ಪೆನ್ನಿತ್ತು, ಅವರು ಊರು ಬಿಟ್ಟ ಮೇಲೆ ಪೆನ್ನೂ ಹೋಯಿತು. ಹೇಳಬೇಕಾದ ಪಾಠ ಇದೇ ಅಲ್ವಾ?

ಐದನೇ ವಾರ ತಾಲಿಬಾನ್. 2022ರ ಡಿಸೆಂಬರ್‌ನಲ್ಲಿ ಹೆಂಗಸರಿಗೆ ವಿಶ್ವವಿದ್ಯಾಲಯ ನಿಷೇಧ, ನಾಲ್ಕೇ ದಿನಕ್ಕೆ ಸ್ವಯಂಸೇವಾ ಸಂಸ್ಥೆಗಳಲ್ಲಿ ಹೆಂಗಸರ ಕೆಲಸಕ್ಕೂ ನಿಷೇಧ. ಸಂಸ್ಥೆಗಳು ಕೆಲಸ ನಿಲ್ಲಿಸಿ ಪ್ರತಿಭಟಿಸಿದರೆ ನೆರವು ಬೇಕಾದ ಹೆಂಗಸರಿಗೇ ಪೆಟ್ಟು, ಮುಂದುವರಿಸಿದರೆ ನಿಷೇಧ ಒಪ್ಪಿದ ಹಾಗೆ. ಈ ಇಕ್ಕಟ್ಟನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. 2024ರಲ್ಲಿ ವಿಶ್ವಸಂಸ್ಥೆ ಕರೆದ ದೋಹಾ ಸಭೆಯಲ್ಲಿ ತಾಲಿಬಾನ್ ಜೊತೆಗಿನ ಮೇಜಿಗೆ ಅಫ್ಘಾನ್ ಹೆಂಗಸರನ್ನು ಕೂರಿಸದೆ, ಆಮೇಲೆ ಬೇರೆಯಾಗಿ ಮಾತಾಡಿಸಿದ್ದೂ ಇದೆ.

ಅಸೈನ್‌ಮೆಂಟ್ ಮಾತ್ರ ನಗು ಬರಿಸುತ್ತದೆ. ರಾಯಭಾರ ಕಚೇರಿಯ ಪರವಾಗಿ ಒಂದು ಹೇಳಿಕೆ ಬರೆಯಬೇಕು. ನಾನು 'ತೀವ್ರ ಕಳವಳ' ಎರಡು ಸಲ ಹಾಕಿ, ಏನು ಮಾಡುತ್ತೇವೆ ಅನ್ನುವುದನ್ನು ಬೇಕೆಂದೇ ಬಿಟ್ಟೆ. ಹತ್ತಕ್ಕೆ ಒಂಬತ್ತು, ಜೊತೆಗೆ 'ಭಾಷೆ ಸಮತೋಲನದಲ್ಲಿದೆ' ಅಂತ ಷರಾ!

2025ರ ಜುಲೈಯಲ್ಲಿ ರಷ್ಯಾ ತಾಲಿಬಾನ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ಐದೇ ದಿನಕ್ಕೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಅದರ ಇಬ್ಬರು ಮುಖಂಡರ ಮೇಲೆ ಬಂಧನ ವಾರಂಟ್ ಹೊರಡಿಸಿತು. ಎರಡೂ ಕೋರ್ಸ್‌ನಲ್ಲಿಲ್ಲ. ಮೇಲ್ ಮಾಡಿ ಕೇಳಿದೆ. ನಿಮ್ಮ ಸಲಹೆಯನ್ನು ಗಂಭೀರವಾಗಿ ಪರಿಗಣಿಸುತ್ತೇವೆ ಅಂತ ಉತ್ತರ ಬಂತು. ಐದನೇ ವಾರ ಇನ್ನೂ 2024ರಲ್ಲೇ ನಿಂತಿದೆ.