ಶನಿವಾರದ ಮಣ್ಣು-ಬಣ್ಣದ ಕ್ಲಾಸು: ಎರಡು ತಿಂಗಳಲ್ಲಿ ನಾನು ಕಂಡಿದ್ದು

ನನ್ನ ಮಗನಿಗೆ ಮೂರೂವರೆ ವರ್ಷ. ಕೈಗೆ ಏನಾದರೂ ಅಂಟಿದರೆ ಅಳು. ಮೊಸರನ್ನದ ಒಂದು ಅಗುಳು ಬೆರಳಿಗೆ ಹತ್ತಿದರೂ ‘ಅಮ್ಮಾ, ಒರೆಸು’ ಅಂತ ಕೈ ಚಾಚಿ ಕೂರುತ್ತಿದ್ದ. ಅದಕ್ಕೇ ಮೈಸೂರಿನಲ್ಲಿ ನಮ್ಮ ಮನೆ ಹತ್ತಿರ ಒಬ್ಬರು ಮಿಸ್ ತಮ್ಮ ವರಾಂಡದಲ್ಲೇ ನಡೆಸುವ ಕ್ಲಾಸಿಗೆ ಸೇರಿಸಿದೆ. ಶನಿವಾರ ಬೆಳಿಗ್ಗೆ ಒಂದು ಗಂಟೆ, ಎಂಟು ಮಕ್ಕಳು, ತಿಂಗಳಿಗೆ 1,600 ರೂಪಾಯಿ.

ಮೊದಲ ವಾರ ಜೇಡಿಮಣ್ಣು. ಇವನು ಮುಟ್ಟಲೇ ಇಲ್ಲ. ಮಿಸ್ ಬಲವಂತ ಮಾಡಲಿಲ್ಲ. ಒಂದು ಮರದ ಚಮಚ ಕೊಟ್ಟು ‘ನೀನು ಸುಮ್ನೆ ಚುಚ್ಚು, ಸಾಕು’ ಅಂದರು. ಎರಡನೇ ವಾರವೂ ಚಮಚವೇ. ಮೂರನೇ ವಾರ ಒಂದು ಬೆರಳು. ನಾಲ್ಕನೇ ವಾರ ಮೊಣಕೈವರೆಗೂ ಮಣ್ಣು ಮೆತ್ತಿಕೊಂಡು ಬಂದ. ನನಗೆ ಕಣ್ಣು ತುಂಬಿ ಬಂತು.

ತುಂಬ ಹಿಡಿಸಿದ್ದು ಅರಿಶಿನದ ದಿನ. ಬಿಳಿ ಹಾಳೆಗೆ ಅರಿಶಿನದ ನೀರು ಬಳಿದು ಒಣಗಿಸಿದ್ದರು. ಬಟ್ಟಲಲ್ಲಿ ಅಡುಗೆ ಸೋಡಾ ಕದಡಿದ ನೀರು, ಮಕ್ಕಳ ಕೈಯಲ್ಲಿ ಹತ್ತಿ ಸುತ್ತಿದ ಕಡ್ಡಿ. ಎಳೆದ ಕಡೆಯೆಲ್ಲ ಕೆಂಪು ಗೆರೆ! ಅದರ ಮೇಲೆ ನಿಂಬೆರಸದ ಹನಿ ಬಿಟ್ಟರೆ ಮತ್ತೆ ಹಳದಿ. ಇವನು ಒಂದೇ ಗೆರೆಯನ್ನು ಐದಾರು ಸಲ ಕೆಂಪು ಮಾಡಿದ, ಹಳದಿ ಮಾಡಿದ. ಮನೆಗೆ ತಂದು ತೋರಿಸಿದರೆ ನಮ್ಮತ್ತೆ, ‘ಇದು ಆರತಿ ತಟ್ಟೆ ಓಕುಳಿ ಕಣೋ ಪುಟ್ಟಾ! ನಾವು ಸುಣ್ಣ ಹಾಕ್ತೀವಿ, ನಿಮ್ಮ ಮಿಸ್ ಸೋಡಾ ಹಾಕಿದಾರೆ’ ಅಂದರು. ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತದೆ, ಅದಕ್ಕೇ ಸೋಡಾ. ಇಷ್ಟು ಯೋಚನೆ ಮಾಡುವವರ ಹತ್ತಿರ ಮಗುವನ್ನು ಬಿಡಲು ಧೈರ್ಯ ಬರುತ್ತದೆ, ಅಲ್ವಾ?

ಆದರೆ ಒಂದು ವಾರ ತಟ್ಟೆ ತುಂಬ ಕಾಳು ಇಟ್ಟಿದ್ದರು. ಎರಡೂವರೆ ವರ್ಷದ ಮಗುವೊಂದು ಹೆಸರುಕಾಳನ್ನು ಮೂಗಿನ ಹತ್ತಿರ ಒಯ್ದಿತ್ತು, ನಾನೇ ಕೈ ಹಿಡಿದೆ. ಮೂಗಲ್ಲಿ ಸಿಕ್ಕ ಕಾಳು ನೀರು ಹೀರಿ ಉಬ್ಬುತ್ತದೆ, ತೆಗೆಯುವುದು ಕಷ್ಟ. ಹೇಳಿದ ಮೇಲೆ ಸಣ್ಣವರಿಗೆ ಕಲಸಿದ ರಾಗಿಹಿಟ್ಟು ಕೊಡುತ್ತಿದ್ದಾರೆ. ಇನ್ನು ಹಬ್ಬದ ವಾರದ ಗಣಪ. ಎಂಟು ಮಕ್ಕಳ ಗಣಪನಿಗೂ ಸೊಂಡಿಲು ಒಂದೇ ಕಡೆಗೆ, ಕಿವಿ ಒಂದೇ ಅಳತೆ. ಸಹಾಯಕ್ಕಿರುವ ಹುಡುಗಿಯ ಕೈಕೆಲಸ ಅಂತ ನೋಡಿದರೇ ಗೊತ್ತಾಗುತ್ತದೆ. ಅಪ್ಪ-ಅಮ್ಮಂದಿರಿಗೆ ಫೋಟೋ ಬೇಕು ಅಂತ ಹಾಗೆ ಮಾಡುತ್ತಾರೇನೋ. ನನಗೆ ಬೇಡ. ನನ್ನ ಮಗ ಬರೀ ಒಂದು ಉಂಡೆ ಕಟ್ಟಿ ಗಣಪ ಅಂದರೆ ಅದೇ ನಮ್ಮನೆ ಗಣಪ. ಇದನ್ನೂ ಮಿಸ್‌ಗೆ ಹೇಳಿದ್ದೇನೆ.

ಮನೆಯಲ್ಲೂ ಆಡಲು ಅವರು ಒಂದು ಹಿಟ್ಟು ಹೇಳಿಕೊಟ್ಟರು. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಒಂದು ಚಮಚ ಎಣ್ಣೆ, ಚಪಾತಿ ಹಿಟ್ಟಿನ ಹದಕ್ಕೆ ನೀರು. ಬಣ್ಣಕ್ಕೆ ಬೀಟ್‌ರೂಟ್ ರಸ. ಮಳೆಗಾಲದಲ್ಲಿ ನೀರು ಬಿಟ್ಟುಕೊಂಡರೆ ಇನ್ನೊಂದು ಹಿಡಿ ಮೈದಾ ಹಾಕಿ ನಾದಿ. ಬಾಯಿಗೆ ಹಾಕದಂತೆ ನೋಡಿಕೊಳ್ಳಿ, ಉಪ್ಪು ತುಂಬ ಜಾಸ್ತಿ.

ಮುಂದಿನ ಮೂರು ತಿಂಗಳಿಗೂ ದುಡ್ಡು ಕಟ್ಟಿದ್ದೇನೆ. ನಿನ್ನೆ ಊಟಕ್ಕೆ ಚಮಚ ಕೊಟ್ಟೆ. ಪಕ್ಕಕ್ಕಿಟ್ಟು ಮೊಸರನ್ನಕ್ಕೆ ಕೈ ಹಾಕಿದ.