ದಂಡನಾಯಕನ ರೋಮ್, ಮೊಮ್ಮಗನ ರೋಮ್

2000ದ ‘ಗ್ಲಾಡಿಯೇಟರ್’ ಸಿನಿಮಾದ ಮುಂದೆ 2024ರ ‘ಗ್ಲಾಡಿಯೇಟರ್ 2’ ನಿಲ್ಲುವುದಿಲ್ಲ. ಎರಡನೆಯದನ್ನು ಬಳ್ಳಾರಿಯ ಟಾಕೀಸಿನಲ್ಲಿ ಗೆಳೆಯರ ಜೊತೆ ನೋಡಿದ್ದೆ. ಆಮೇಲೆ ಗಂಗಾವತಿಯ ಮನೆಯ ಟಿವಿಯಲ್ಲಿ ಎರಡನ್ನೂ ಒಂದರ ಹಿಂದೆ ಒಂದು ಹಾಕಿ ನೋಡಿದೆ, ದೊಡ್ಡ ಪರದೆಯ ಅಬ್ಬರಕ್ಕೆ ತೀರ್ಪು ವಾಲಬಾರದು ಅಂತ. ಎರಡಕ್ಕೂ ನಿರ್ದೇಶಕ ರಿಡ್ಲಿ ಸ್ಕಾಟ್, ಛಾಯಾಗ್ರಾಹಕ ಜಾನ್ ಮ್ಯಾಥೀಸನ್. ಎರಡೂ ಹೆಚ್ಚುಕಡಿಮೆ ಎರಡೂವರೆ ತಾಸಿನವು. ಕಸುಬಿನಲ್ಲಿ ಅಂಥ ಕೊರತೆ ಇಲ್ಲ. ಎಡವಿದ್ದು ಕತೆಯ ಬುಡದಲ್ಲಿ.

ಮೊದಲ ಚಿತ್ರದಲ್ಲಿ ಮುದಿ ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ಸ್ವಂತ ಮಗ ಕಾಮೊಡಸ್‌ನನ್ನು ಬಿಟ್ಟು ದಂಡನಾಯಕ ಮ್ಯಾಕ್ಸಿಮಸ್‌ಗೆ ರೋಮ್ ಒಪ್ಪಿಸಲು ಹೊರಡುತ್ತಾನೆ. ಮ್ಯಾಕ್ಸಿಮಸ್‌ಗೆ ಅದು ಬೇಡ. ಅವನಿಗೆ ಬೇಕಾದದ್ದು ಊರು, ಹೊಲ, ಹೆಂಡತಿ, ಮಗ. ಬೇಡ ಅನ್ನುವವನೇ ಅದಕ್ಕೆ ತಕ್ಕವನು ಅನ್ನುವುದು ಮುದುಕನ ಲೆಕ್ಕ. ಈ ದೃಶ್ಯ ಕಲ್ಪನೆಯಾದರೂ ಅದರ ಹಿಂದೆ ಇತಿಹಾಸವಿದೆ. ಟ್ರಾಜನ್‌ನಿಂದ ಮಾರ್ಕಸ್‌ವರೆಗೆ ರೋಮಿನ ಚಕ್ರವರ್ತಿಗಳು ಗದ್ದುಗೆ ಏರಿದ್ದು ದತ್ತು ಹೋಗಿ. ಆ ಸಾಲು ಮುರಿದು ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೇ ಅಧಿಕಾರ ಕೊಟ್ಟವನು ನಿಜವಾದ ಮಾರ್ಕಸ್. ಕ್ರಿ.ಶ. 180ರಲ್ಲಿ ಅವನು ತೀರಿಕೊಂಡ ಮೇಲೆ ಕಾಮೊಡಸ್ ಹನ್ನೆರಡು ವರ್ಷ ಆಳಿದ, ತಾನೇ ಅಖಾಡಕ್ಕಿಳಿದು ಕಾದಾಡಿದ, 192ರ ಕೊನೆಯ ದಿನ ಕೊಲೆಯಾದ. ವಾಕೀನ್ ಫೀನಿಕ್ಸ್ ಅವನನ್ನು ಅಪ್ಪನ ಪ್ರೀತಿ ಸಿಗದ ಮಗನಾಗಿ ಆಡುತ್ತಾನೆ. ಅವನ ಮೇಲೆ ಸಿಟ್ಟು ಬರುವ ಹೊತ್ತಿಗೇ ಅಯ್ಯೋ ಅನಿಸುತ್ತದೆ. ಇಂಥ ಎದುರಾಳಿ ಇದ್ದಾಗ ನಾಯಕ ತಾನಾಗಿಯೇ ಎತ್ತರವಾಗುತ್ತಾನೆ.

ಹಂಪಿ, ಆನೆಗೊಂದಿಯ ಮಗ್ಗುಲಲ್ಲೇ ಬೆಳೆದವರಿಗೆ ದಂಡನಾಯಕ ಗದ್ದುಗೆಗೆ ಬರುವ ಕತೆ ಹೊಸದೇನಲ್ಲ. 1485ರಲ್ಲಿ ವಿಜಯನಗರದ ಸಂಗಮ ವಂಶದವರ ಕೈಯಿಂದ ರಾಜ್ಯ ತೆಗೆದುಕೊಂಡ ಸಾಳುವ ನರಸಿಂಹ ಅವರ ಸೇನಾನಿಯೇ. ಕೃಷ್ಣದೇವರಾಯನ ಅಪ್ಪ ತುಳುವ ನರಸನಾಯಕನೂ ದಂಡನಾಯಕನೇ. ಮ್ಯಾಕ್ಸಿಮಸ್ ನನಗೆ ಅಷ್ಟು ಹತ್ತಿರದವನಾಗಿ ಕಂಡದ್ದಕ್ಕೆ ಇದೂ ಒಂದು ಕಾರಣ ಇರಬೇಕು.

ಎರಡನೆಯ ಚಿತ್ರ ಇದೆಲ್ಲವನ್ನೂ ತಿರುವಿ ಹಾಕುತ್ತದೆ. ಉತ್ತರ ಆಫ್ರಿಕಾದ ನುಮಿಡಿಯಾದಲ್ಲಿ ಸೆರೆಸಿಕ್ಕು ಗುಲಾಮನಾಗಿ ಬರುವ ಹುಡುಗ ಲೂಸಿಯಸ್ ಮಾರ್ಕಸ್‌ನ ಮೊಮ್ಮಗ, ಮೇಲಾಗಿ ಮ್ಯಾಕ್ಸಿಮಸ್‌ನ ಮಗನಂತೆ! ಮೊದಲನೆಯದರಲ್ಲಿ ಅದೇ ಹುಡುಗ ತನ್ನ ತಂದೆ ಲೂಸಿಯಸ್ ವೆರಸ್ ಅಂತ ಹೇಳಿಕೊಂಡಿರುತ್ತಾನೆ. ವಂಶವಿಲ್ಲದವನ ಯೋಗ್ಯತೆ ಎತ್ತಿಹಿಡಿದ ಕತೆಗೆ ಹಿಂದಿನಿಂದ ಬಂದು ವಂಶವೃಕ್ಷ ಅಂಟಿಸಿದ ಹಾಗಾಯಿತು. ಕೊನೆಗೆ ಎರಡು ದಂಡುಗಳು ಅವನ ಮಾತಿಗೆ ಕತ್ತಿ ಇಳಿಸುವುದೂ ಅವನು ರಾಜಕುಮಾರ ಅನ್ನುವ ಬಲದ ಮೇಲೆಯೇ. ಲೂಸಿಯಸ್ ಆಗಿರುವ ಪಾಲ್ ಮೆಸ್ಕಲ್ ಒಳ್ಳೆಯ ನಟ, ಕಣ್ಣಲ್ಲಿ ನೋವಿದೆ. ಆದರೆ ಮ್ಯಾಕ್ಸಿಮಸ್ ಆಗಿದ್ದ ರಸೆಲ್ ಕ್ರೋ ಬಾಯಿ ತೆರೆಯದೆಯೂ ದಂಡು ನಡೆಸಿದವನಂತೆ ಕಾಣುತ್ತಿದ್ದ. ಆ ಭಾರವನ್ನು ಕತೆ ಈ ಹುಡುಗನಿಗೆ ಕೊಡಲೇ ಇಲ್ಲ.

ಕಾಳಗಗಳ ವಿಷಯ. ಹಳೆಯದರಲ್ಲಿ ರಥಗಳು ನುಗ್ಗಿ ಬಂದಾಗ, ಗುಲಾಮನಾಗಿ ಅಖಾಡಕ್ಕೆ ಬಿದ್ದ ಮ್ಯಾಕ್ಸಿಮಸ್ ಚದುರಿದ ಗುಲಾಮರನ್ನು ಒಟ್ಟುಗೂಡಿಸಿ ಗುರಾಣಿಗೆ ಗುರಾಣಿ ಹಚ್ಚಿ ನಿಲ್ಲಿಸುತ್ತಾನೆ. ಇವನ ಕಸುಬು ಏನೆಂದು ಎಲ್ಲರಿಗೂ ಆಗ ತಿಳಿಯುತ್ತದೆ. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಹೊಸದರಲ್ಲಿ ಮಂಗಗಳು, ಘೇಂಡಾಮೃಗ, ನೀರು ತುಂಬಿದ ಅಖಾಡದಲ್ಲಿ ಹಡಗು, ಶಾರ್ಕ್. ನೀರು ತುಂಬಿಸಿದ್ದು ಸುಳ್ಳಲ್ಲ: ಕ್ರಿ.ಶ. 80ರಲ್ಲಿ ಟೈಟಸ್ ಚಕ್ರವರ್ತಿ ಅದನ್ನು ಮಾಡಿಸಿದ ಅಂತ ರೋಮಿನ ಇತಿಹಾಸಕಾರ ಡಿಯೊ ಕ್ಯಾಸಿಯಸ್ ಬರೆದಿದ್ದಾನೆ. ಶಾರ್ಕ್ ಮಾತ್ರ ಸಿನಿಮಾದ್ದು. ಟಾಕೀಸಿನಲ್ಲಿ ಶಿಳ್ಳೆ ಬಿತ್ತು, ನಾನೂ ಖುಷಿಯಿಂದಲೇ ನೋಡಿದೆ. ಟಿವಿಯಲ್ಲಿ ಅದೇ ದೃಶ್ಯ ಉದ್ದವಾಯಿತು. ಸಂಗೀತದಲ್ಲೂ ಹಾಗೇ: ಹ್ಯಾನ್ಸ್ ಝಿಮ್ಮರ್, ಲಿಸಾ ಜೆರಾರ್ಡ್ ಕೊಟ್ಟ ಹಳೆಯ ರಾಗ ಕೇಳಿಸಿದಾಗಲೇ ಎದೆ ತುಂಬಿತು.

ಇಷ್ಟಾದರೂ ಎರಡನೆಯದನ್ನು ಬಿಡಬೇಡಿ, ಡೆನ್ಜೆಲ್ ವಾಷಿಂಗ್ಟನ್ ಇದ್ದಾನೆ. ಅವನ ಮ್ಯಾಕ್ರಿನಸ್ ಒಂದು ಕಾಲದ ಗುಲಾಮ, ಮಾರ್ಕಸ್‌ನ ಮುದ್ರೆ ಮೈಮೇಲೆ ಹೊತ್ತವನು. ಅಖಾಡದಲ್ಲಿ ಕಾದಾಡುವ ಗ್ಲಾಡಿಯೇಟರ್‌ಗಳನ್ನು ಕೊಂಡು ಸಾಕುತ್ತ ಅರಮನೆಯ ಒಳಗೆ ನುಸುಳಿ, ಗೀಟಾ–ಕ್ಯಾರಕಲ್ಲಾ ಎಂಬ ಚಕ್ರವರ್ತಿ ಅಣ್ಣತಮ್ಮಂದಿರಲ್ಲಿ ಬೆಂಕಿ ಹಚ್ಚುತ್ತಾನೆ. ಉಡುಗೆಯ ಸೆರಗು ಸರಿಮಾಡಿಕೊಳ್ಳುವುದರಲ್ಲೇ ಅವನ ಲೆಕ್ಕಾಚಾರ ಕಾಣುತ್ತದೆ. ಮೊದಲ ಚಿತ್ರದಲ್ಲೂ ಇಷ್ಟು ಚುರುಕಾದ ಪಾತ್ರ ಇಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ಇತಿಹಾಸದ ಮ್ಯಾಕ್ರಿನಸ್ ಗುಲಾಮನಾಗಿರಲಿಲ್ಲ, ಉತ್ತರ ಆಫ್ರಿಕಾದ ಮಾರಿಟೇನಿಯಾದವನು. 217ರಲ್ಲಿ ಚಕ್ರವರ್ತಿಯಾದ ಅವನು ಸೆನೆಟಿನ ಸದಸ್ಯನಾಗದೆಯೇ ಗದ್ದುಗೆ ಏರಿದ ಮೊದಲಿಗ. ಅಂದರೆ ವಂಶವಿಲ್ಲದೆ ಮೇಲೆ ಬಂದ ಮನುಷ್ಯ ಈ ಚಿತ್ರದಲ್ಲೂ ಇದ್ದ. ಚಿತ್ರ ಅವನನ್ನು ಬರೀ ಖಳನನ್ನಾಗಿಸಿ, ಮೊಮ್ಮಗನ ಕೈಯಲ್ಲಿ ಕೊಲ್ಲಿಸಿತು. ನನ್ನ ದೊಡ್ಡ ತಕರಾರು ಇದೇ. ಕತೆಯನ್ನು ಅವನ ಕಣ್ಣಿನಿಂದ ಹೇಳಿದ್ದರೆ ಮೊದಲನೆಯದಕ್ಕೆ ಸರಿಜೋಡಿ ಸಿಗುತ್ತಿತ್ತು.

ಎರಡನ್ನೂ ನೋಡದವರು 2000ದ್ದರಿಂದಲೇ ಶುರುಮಾಡಿ. ಅದಕ್ಕೆ ಮನೆಯ ಟಿವಿ ಸಾಕು. ಎರಡನೆಯದಕ್ಕೆ ದೊಡ್ಡ ಪರದೆ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಶಾರ್ಕ್ ದಾಟಿಸಿಕೊಂಡು ಮ್ಯಾಕ್ರಿನಸ್ ಬರುವ ದೃಶ್ಯಗಳಿಗೆ ಸಾವಕಾಶವಾಗಿ ಕೂಡಿ.